ದೂರದವರು ಕೂಡಿ ದುಡಿಯುವ ಬಗೆ

ರಾತ್ರಿಯ ಊಟಕ್ಕೆ ಕರೆಯುವ ವೇಳೆಗೆ ಮಗನೋ ಮಗಳೋ ಕೊಠಡಿಯ ಬಾಗಿಲು ಮುಂದೆ ಮಾಡಿಕೊಂಡು, ಕಂಪ್ಯೂಟರಿನ ಎದುರು ಕುಳಿತು, ಸಾವಿರಾರು ಹರದಾರಿ ದೂರದಲ್ಲಿರುವವರೊಡನೆ ಮಾತನಾಡುತ್ತಿರುವ ದೃಶ್ಯ ಇಂದು ನಮ್ಮ ಅನೇಕ ಮನೆಗಳಲ್ಲಿ ದಿನನಿತ್ಯದ್ದಾಗಿದೆ. "ಹತ್ತೇ ನಿಮಿಷ ಅವ್ವಾ" ಎಂಬ ಉತ್ತರ ಒಳಗಿನಿಂದ ಬರುತ್ತದೆ. ಹತ್ತು ನಿಮಿಷ ಒಂದು ಗಂಟೆಯಾಗುತ್ತದೆ, ರೊಟ್ಟಿ ಆರುತ್ತದೆ. ಮನೆಯ ಹಿರಿಯರಿಗೆ ಇದೊಂದು ಒಗಟು. ಒಮ್ಮೆಯೂ ಮುಖಾಮುಖಿ ಕಾಣದವರೊಡನೆ ಸೇರಿ ಮಾಡುವ ಈ ಕೆಲಸ ಎಂಥದು? ಒಬ್ಬರ ಹಗಲು ಇನ್ನೊಬ್ಬರ ರಾತ್ರಿಯಾಗಿರುವಾಗ ಅದು ಕೆಡದೆ ನಡೆಯುವುದಾದರೂ ಹೇಗೆ?

ಈ ಬಗೆಯ ದುಡಿಮೆ ನಮ್ಮ ನಾಡಿಗೆ ತೀರ ಹೊಸದಲ್ಲ. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯು ಬೆಂಗಳೂರಿನಲ್ಲಿ ತನ್ನ ಕೇಂದ್ರವನ್ನು ತೆರೆದು, ಉಪಗ್ರಹ ಸಂಪರ್ಕದ ಮೂಲಕ ಇಲ್ಲಿಯ ಕೆಲಸವನ್ನು ಅಲ್ಲಿಗೆ ಜೋಡಿಸಿತು. ಆಮೇಲೆ ಬಂದ ಕಂಪನಿಗಳಿಗೆ ಲೆಕ್ಕವಿಲ್ಲ. ಅಲ್ಲಿಯವರೆಗೆ ಕಚೇರಿಯ ಕಟ್ಟಡಗಳಲ್ಲಿದ್ದ ಈ ಪದ್ಧತಿಯನ್ನು 2020ರ ಕೋವಿಡ್ ಪಿಡುಗು ನಮ್ಮ ಮನೆಗಳ ಒಳಕೋಣೆಗೇ ತಂದು ಕೂರಿಸಿತು. ಆದುದರಿಂದ ಇದರ ಮರ್ಮವನ್ನು ತಿಳಿಯುವುದು ಗೃಹಸ್ಥರೆಲ್ಲರಿಗೂ ಉಪಯುಕ್ತವೆಂದು ಭಾವಿಸಿ ಈ ಕೆಲವು ಮಾತುಗಳನ್ನು ಓದುಗರ ಮುಂದಿಡುತ್ತಿದ್ದೇನೆ.

ಜಾತ್ರೆಯ ದಾಸೋಹವನ್ನು ಕಂಡವರಿಗೆ ಕೂಡಿ ದುಡಿಯುವುದೆಂದರೇನೆಂದು ಬೇರೆ ಹೇಳಬೇಕಾಗಿಲ್ಲ. ಒಲೆಯ ಮುಂದೆ ನಿಂತವರು, ಕಾಯಿಪಲ್ಯೆ ಹೆಚ್ಚುವವರು, ಬಡಿಸುವವರು, ನೀರು ಕೊಡುವವರು ಎಲ್ಲರೂ ಪರಸ್ಪರ ಕಣ್ಣಳತೆಯಲ್ಲಿರುತ್ತಾರೆ. ಸಾರು ಮುಗಿಯುತ್ತ ಬಂದರೆ ಒಂದು ಕೂಗು ಸಾಕು. ಆದರೆ ಸಾರು ಕಾಯಿಸುವವರು ಒಂದು ಖಂಡದಲ್ಲಿ, ಬಡಿಸುವವರು ಮತ್ತೊಂದು ಖಂಡದಲ್ಲಿ, ಇವರು ಏಳುವ ಹೊತ್ತಿಗೆ ಅವರು ಮಲಗುವರೆಂದರೆ ಆ ಕೂಗು ಯಾರಿಗೆ ಕೇಳಿಸೀತು? ಕೂಗಿನ ಸ್ಥಾನದಲ್ಲಿ ಬೇರೊಂದು ವ್ಯವಸ್ಥೆ ಬೇಕು. ಆ ವ್ಯವಸ್ಥೆ ಎಂಥದಿರಬೇಕೆಂಬುದಕ್ಕೆ ನಮ್ಮ ಕಾಲದ ಒಂದು ಮಹತ್ಕಾರ್ಯವು ಒಳ್ಳೆಯ ನಿದರ್ಶನವಾಗಿದೆ.

ಭೂಮಿಯಷ್ಟು ದೊಡ್ಡ ಕಣ್ಣು

2019ರ ಏಪ್ರಿಲ್ 10ರಂದು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಒಂದು ಚಿತ್ರ ಪ್ರಕಟವಾಯಿತು. ಕತ್ತಲೆಯ ನಡುವೆ ಕೆಂಡದ ಬಣ್ಣದ ಒಂದು ಬಳೆ. ಬಳೆಯ ಒಳಗೆ ಮತ್ತೆ ಕತ್ತಲೆ. ಅದು ಕೃಷ್ಣರಂಧ್ರ ಅಥವಾ ಕಪ್ಪುಕುಳಿ ಎಂದು ಕರೆಯಲಾಗುವ ಆಕಾಶಕಾಯದ ಮೊಟ್ಟಮೊದಲ ಚಿತ್ರ. ಎಂ87 ಎಂಬ ನಕ್ಷತ್ರಸಮೂಹದ ನಡುವಿನಲ್ಲಿರುವ ಅದು ನಮ್ಮಿಂದ ಸುಮಾರು 5.5 ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿದೆ. ಅದರ ದ್ರವ್ಯರಾಶಿ ಸುಮಾರು 650 ಕೋಟಿ ಸೂರ್ಯರಿಗೆ ಸಮ. ಇಷ್ಟು ದೊಡ್ಡದಾದರೂ ದೂರದ ಕಾರಣದಿಂದ ಅದನ್ನು ಕಾಣುವುದು, ಚಂದ್ರನ ಮೇಲಿಟ್ಟ ಒಂದು ಕಿತ್ತಳೆ ಹಣ್ಣನ್ನು ಭೂಮಿಯಲ್ಲಿ ನಿಂತು ಗುರುತಿಸಿದಷ್ಟು ಕಷ್ಟ.

ಇಂಥದನ್ನು ಕಾಣಲು ಭೂಗೋಳದಷ್ಟೇ ಅಗಲವಾದ ದೂರದರ್ಶಕ ಬೇಕು. ಅದನ್ನು ಕಟ್ಟಲು ಯಾರಿಂದಲೂ ಸಾಧ್ಯವಿಲ್ಲ. ಆದರೆ ಬೇರೆ ಬೇರೆ ಖಂಡಗಳಲ್ಲಿರುವ ರೇಡಿಯೋ ದೂರದರ್ಶಕಗಳು ಒಂದೇ ಕ್ಷಣದಲ್ಲಿ ಒಂದೇ ಗುರಿಯನ್ನು ನೋಡಿ, ತಾವು ಕಂಡುದನ್ನು ದಾಖಲಿಸಿ, ಆ ದಾಖಲೆಗಳನ್ನೆಲ್ಲ ಒಂದೆಡೆ ಸೇರಿಸಿದರೆ, ಅವೆಲ್ಲ ಕೂಡಿ ಒಂದೇ ದೊಡ್ಡ ಕಣ್ಣಿನಂತೆ ಕೆಲಸ ಮಾಡಬಲ್ಲವು. ಈ ಯೋಜನೆಗೆ ಈವೆಂಟ್ ಹೊರೈಜನ್ ಟೆಲಿಸ್ಕೋಪ್ ಎಂದು ಹೆಸರು. 2017ರ ಏಪ್ರಿಲಿನಲ್ಲಿ ಆರು ಸ್ಥಳಗಳ ಎಂಟು ದೂರದರ್ಶಕಗಳು ಇದರಲ್ಲಿ ಪಾಲ್ಗೊಂಡವು: ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿ ಎರಡು, ಹವಾಯಿ ದ್ವೀಪದ ಮೌನಾ ಕಿಯಾ ಪರ್ವತದ ಮೇಲೆ ಎರಡು, ಮೆಕ್ಸಿಕೋ, ಅಮೆರಿಕದ ಅರಿಜೋನಾ, ಸ್ಪೇನ್ ಹಾಗೂ ದಕ್ಷಿಣ ಧ್ರುವದಲ್ಲಿ ಒಂದೊಂದು. ಇನ್ನೂರಕ್ಕೂ ಹೆಚ್ಚು ವಿಜ್ಞಾನಿಗಳು ಕೈಜೋಡಿಸಿದ್ದರು. ಅವರೆಲ್ಲ ಒಂದೇ ಸಂಸ್ಥೆಯ ನೌಕರರಲ್ಲ, ಒಂದೇ ದೇಶದವರಲ್ಲ. ಅವರ ಮಾತೃಭಾಷೆಗಳೂ ಬೇರೆ ಬೇರೆ.

ಯಾರ ಪಾಲಿಗೆ ಯಾವ ಕೆಲಸ

ಇಲ್ಲಿ ಮೊದಲು ಗಮನಿಸತಕ್ಕದ್ದು ಕೆಲಸದ ವಿಂಗಡಣೆ. ಪರ್ವತಶಿಖರಗಳಲ್ಲಿ ನಿಂತು ವೀಕ್ಷಿಸುವವರು ಒಂದು ಗುಂಪು. ದಾಖಲೆಗಳನ್ನು ಒಂದಕ್ಕೊಂದು ಹೊಂದಿಸುವವರು ಇನ್ನೊಂದು ಗುಂಪು. ಹೊಂದಿಸಿದುದರಲ್ಲಿ ವಾತಾವರಣದಿಂದಲೂ ಉಪಕರಣಗಳಿಂದಲೂ ಬಂದ ದೋಷಗಳನ್ನು ಕಳೆಯುವವರು ಮೂರನೆಯವರು. ಚಿತ್ರವನ್ನು ರೂಪಿಸುವವರು ನಾಲ್ಕನೆಯವರು. ಕಂಡ ಚಿತ್ರವು ಭೌತಶಾಸ್ತ್ರದ ನಿಯಮಗಳಿಗೆ ಹೊಂದುವುದೋ ಇಲ್ಲವೋ ಎಂದು ಪರೀಕ್ಷಿಸುವವರು ಐದನೆಯವರು. ಒಬ್ಬರ ಕೆಲಸ ಎಲ್ಲಿ ಮುಗಿದು ಇನ್ನೊಬ್ಬರದು ಎಲ್ಲಿ ಆರಂಭವಾಗುತ್ತದೆ ಎಂಬ ಗೆರೆ ಸ್ಪಷ್ಟವಾಗಿತ್ತು.

ಹೊಂದಿಸುವ ಕೆಲಸವನ್ನೂ ಎರಡು ಕಡೆಗೆ ಹಂಚಲಾಗಿತ್ತು. ಅಮೆರಿಕದ ಮಸಾಚುಸೆಟ್ಸ್‌ನಲ್ಲಿರುವ ಹೇಸ್ಟ್ಯಾಕ್ ವೀಕ್ಷಣಾಲಯ ಒಂದು ಪಾಲನ್ನು, ಜರ್ಮನಿಯ ಬಾನ್ ನಗರದ ಮ್ಯಾಕ್ಸ್ ಪ್ಲಾಂಕ್ ರೇಡಿಯೋ ಖಗೋಳ ಸಂಸ್ಥೆ ಇನ್ನೊಂದು ಪಾಲನ್ನು ವಹಿಸಿಕೊಂಡವು. ಒಂದು ಕಡೆಯ ಲೆಕ್ಕ ಇನ್ನೊಂದು ಕಡೆಯ ಲೆಕ್ಕಕ್ಕೆ ಒರೆಗಲ್ಲಾಯಿತು. ಹೊಲದಲ್ಲಿ ಅಳತೆಗೆ ಇಬ್ಬರು ನಿಂತರೆ ಹಗ್ಗ ಸಡಿಲವಾಗದು ಎಂದು ನಮ್ಮ ರೈತರಿಗೆ ಗೊತ್ತಿರುವ ಮಾತೇ ಇದು.

ಒಂದೇ ಗಡಿಯಾರ

ಎರಡನೆಯದು ವೇಳೆ. ಸ್ಪೇನಿನಲ್ಲಿ ನಸುಕಾಗುವಾಗ ಹವಾಯಿಯಲ್ಲಿ ಇನ್ನೂ ಹಿಂದಿನ ದಿನದ ಸಂಜೆ. ಪ್ರತಿಯೊಬ್ಬರೂ ತಮ್ಮ ಊರಿನ ಗಡಿಯಾರ ನೋಡಿ "ನಾಳೆ ಬೆಳಿಗ್ಗೆ" ಎಂದರೆ ಯಾರ ನಾಳೆ, ಯಾವ ಬೆಳಗು? ಆದ್ದರಿಂದ ವೇಳಾಪಟ್ಟಿಯೆಲ್ಲ ಅಂತರರಾಷ್ಟ್ರೀಯ ಸಮನ್ವಿತ ಕಾಲದಲ್ಲಿ, ಅಂದರೆ ಯುಟಿಸಿ ಎಂಬ ಒಂದೇ ಲೆಕ್ಕದಲ್ಲಿ ಬರೆಯಲ್ಪಟ್ಟಿತ್ತು. ನಮ್ಮ ಭಾರತೀಯ ಕಾಲವು ಅದಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆ. ಯಂತ್ರಗಳ ಮಟ್ಟದಲ್ಲಂತೂ ಸೆಕೆಂಡಿನ ಅತಿಸೂಕ್ಷ್ಮ ಭಾಗವೂ ತಪ್ಪುವಂತಿರಲಿಲ್ಲ. ಪ್ರತಿ ಸ್ಥಳದಲ್ಲಿಯೂ ಹೈಡ್ರೋಜನ್ ಮೇಸರ್ ಎಂಬ ಪರಮಾಣು ಗಡಿಯಾರವಿತ್ತು. ಕೋಟಿಗಟ್ಟಲೆ ವರ್ಷಗಳಲ್ಲಿ ಒಂದು ಸೆಕೆಂಡಿನಷ್ಟು ಹೆಚ್ಚುಕಡಿಮೆಯಾಗಬಹುದಾದ ಗಡಿಯಾರಗಳವು.

ಗಡಿಯಾರ ಮನುಷ್ಯನ ಕೈಯಲ್ಲಿದೆ, ಮೋಡ ಅವನ ಕೈಯಲ್ಲಿಲ್ಲ. ಈ ವೀಕ್ಷಣೆಗೆ ಗಾಳಿಯಲ್ಲಿಯ ತೇವಾಂಶವೇ ದೊಡ್ಡ ಶತ್ರು. ಅದಕ್ಕಾಗಿಯೇ ಈ ದೂರದರ್ಶಕಗಳು ಎತ್ತರದ ಒಣ ಸ್ಥಳಗಳಲ್ಲಿವೆ. ಅಟಕಾಮಾದವು ಸುಮಾರು 5,000 ಮೀಟರ್, ಮೆಕ್ಸಿಕೋದ್ದು ಸುಮಾರು 4,600 ಮೀಟರ್ ಎತ್ತರದಲ್ಲಿವೆ. ಹತ್ತು ದಿನಗಳ ಅವಧಿಯಲ್ಲಿ ಐದು ರಾತ್ರಿಗಳ ವೀಕ್ಷಣೆ ಮಾತ್ರ ಅವರ ಪಾಲಿಗಿತ್ತು. ಪ್ರತಿದಿನವೂ ಎಲ್ಲ ಸ್ಥಳಗಳಿಂದ ಹವೆಯ ವರದಿ ತರಿಸಿಕೊಂಡು, ವೀಕ್ಷಣೆಗೆ ಕೆಲವು ಗಂಟೆಗಳ ಮೊದಲು "ಇಂದು ಹೌದು" ಅಥವಾ "ಇಂದು ಬೇಡ" ಎಂಬ ಒಂದೇ ನಿರ್ಧಾರವನ್ನು ಎಲ್ಲರಿಗೂ ತಿಳಿಸಲಾಗುತ್ತಿತ್ತು. ಏಪ್ರಿಲ್ 5, 6, 7ರಂದು ವೀಕ್ಷಣೆ ನಡೆಯಿತು. 8 ಮತ್ತು 9ರಂದು ಅರಿಜೋನಾದಲ್ಲಿ ಬಿರುಗಾಳಿ, ಮೆಕ್ಸಿಕೋದಲ್ಲಿ ಹವೆ ಪ್ರತಿಕೂಲ; ಉಳಿದ ಕಡೆ ಆಕಾಶ ಹೇಗಿದ್ದರೂ ಎಲ್ಲರೂ ಕೈಕಟ್ಟಿ ಕುಳಿತರು. 10 ಮತ್ತು 11ರಂದು ಮತ್ತೆ ವೀಕ್ಷಣೆ. ತನ್ನ ಆಕಾಶ ನಿರ್ಮಲವಾಗಿದ್ದಾಗ ಮತ್ತೊಬ್ಬರ ಆಕಾಶಕ್ಕಾಗಿ ಕಾಯುವ ಸಂಯಮವೇ ಸಹಕಾರದ ಮೊದಲ ಪರೀಕ್ಷೆಯೆಂದು ತೋರುತ್ತದೆ.

ಕಾಯುವಿಕೆ ಅಲ್ಲಿಗೆ ಮುಗಿಯಲಿಲ್ಲ. ದಾಖಲಾದ ಮಾಹಿತಿಯ ಪ್ರಮಾಣ ಸುಮಾರು 5 ಪೆಟಾಬೈಟ್, ಅಂದರೆ 50 ಲಕ್ಷ ಗಿಗಾಬೈಟ್. ಸೆಕೆಂಡಿಗೆ ಒಂದು ಗಿಗಾಬಿಟ್ ವೇಗದ ಸಂಪರ್ಕದಲ್ಲಿ ಎಡೆಬಿಡದೆ ಕಳುಹಿಸಿದರೂ ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯುತ್ತಿತ್ತು. ಆದುದರಿಂದ ಇಂಟರ್‌ನೆಟ್ ಯುಗದ ಈ ಮಹಾಕಾರ್ಯದಲ್ಲಿ ಹಾರ್ಡ್ ಡಿಸ್ಕುಗಳನ್ನು ಪೆಟ್ಟಿಗೆಯಲ್ಲಿ ತುಂಬಿ ವಿಮಾನದಲ್ಲಿಯೇ ಸಾಗಿಸಬೇಕಾಯಿತು. ದಕ್ಷಿಣ ಧ್ರುವದಲ್ಲಿ ಚಳಿಗಾಲದ ತಿಂಗಳುಗಳಲ್ಲಿ ವಿಮಾನ ಇಳಿಯುವುದಿಲ್ಲ. ಅಲ್ಲಿಯ ಡಿಸ್ಕುಗಳು ಪ್ರಯೋಗಾಲಯವನ್ನು ಸೇರಿದ್ದು 2017ರ ಡಿಸೆಂಬರಿನಲ್ಲಿ. ಎಂಟು ತಿಂಗಳು ಕಾದರು. ಆ ಪಾಲನ್ನು ಬಿಟ್ಟು ಲೆಕ್ಕ ಮುಗಿಸೋಣವೆಂದು ಅವಸರಪಡಲಿಲ್ಲ.

ಆಡುವ ಮಾತು, ಆಡದ ಮಾತು

ಮೂರನೆಯದು ಸಂವಹನ. ದೂರದವರು ಕೂಡಿ ದುಡಿಯುವಾಗ ಎಷ್ಟು ಹೆಚ್ಚು ಮಾತನಾಡಿದರೆ ಅಷ್ಟು ಒಳ್ಳೆಯದೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಈ ವಿಜ್ಞಾನಿಗಳು ಅದರ ಜೊತೆಗೆ ಮಾತನಾಡಬಾರದ ವೇಳೆಯನ್ನೂ ನಿಗದಿಮಾಡಿಕೊಂಡಿದ್ದರು.

ಕೃಷ್ಣರಂಧ್ರದ ಸುತ್ತ ಬೆಳಕಿನ ಬಳೆ ಇರಬೇಕೆಂದು ಸಿದ್ಧಾಂತಗಳು ಮೊದಲೇ ಹೇಳಿದ್ದವು. ದೊರೆತ ಮಾಹಿತಿಯಾದರೋ ಅಪೂರ್ಣ. ಭೂಮಿಯೆಲ್ಲವನ್ನೂ ದೂರದರ್ಶಕಗಳು ಆವರಿಸಿರಲಿಲ್ಲವಾದ್ದರಿಂದ ಚಿತ್ರದಲ್ಲಿ ತುಂಬಬೇಕಾದ ತೆರಪುಗಳು ಅನೇಕವಿದ್ದವು. ಬಳೆಯನ್ನು ಕಾಣಬೇಕೆಂದು ಬಯಸುವವನು ಆ ತೆರಪುಗಳಲ್ಲಿ ಬಳೆಯನ್ನೇ ತುಂಬಿಬಿಡುವ ಅಪಾಯವಿತ್ತು. ಒಬ್ಬನು "ನನಗೆ ಬಳೆ ಕಂಡಿತು" ಎಂದೊಡನೆ ಉಳಿದವರಿಗೂ ಬಳೆಯೇ ಕಾಣತೊಡಗುವುದು ಮನುಷ್ಯಸ್ವಭಾವ. ಆದ್ದರಿಂದ ಚಿತ್ರ ರೂಪಿಸುವವರನ್ನು ನಾಲ್ಕು ತಂಡಗಳಾಗಿ ವಿಭಾಗಿಸಿದರು. 2018ರ ಜೂನ್ ತಿಂಗಳಿನಿಂದ ಸುಮಾರು ಏಳು ವಾರಗಳ ಕಾಲ ಒಂದು ತಂಡ ಇನ್ನೊಂದರೊಡನೆ ಈ ಚಿತ್ರದ ವಿಷಯವಾಗಿ ಒಂದು ಮಾತನ್ನೂ ಆಡಲಿಲ್ಲ. ಜುಲೈ ಕೊನೆಯ ವಾರದಲ್ಲಿ ಮಸಾಚುಸೆಟ್ಸ್‌ನ ಕೇಂಬ್ರಿಜ್ ನಗರದಲ್ಲಿ ಎಲ್ಲರೂ ಸೇರಿ ನಾಲ್ಕು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ನಾಲ್ಕರಲ್ಲಿಯೂ ಬಳೆ ಇತ್ತು. ನಾಲ್ಕರಲ್ಲಿಯೂ ಅದರ ಕೆಳಭಾಗವೇ ಹೆಚ್ಚು ಪ್ರಕಾಶಮಾನವಾಗಿತ್ತು.

ಅಷ್ಟಕ್ಕೇ ಅವರು ತೃಪ್ತರಾಗಲಿಲ್ಲ. ಬಳೆ, ಅರ್ಧಚಂದ್ರಾಕೃತಿ, ತುಂಬಿದ ಬಿಲ್ಲೆ, ಎರಡು ಚುಕ್ಕೆ, ಹೀಗೆ ಬೇರೆ ಬೇರೆ ಆಕಾರಗಳಿಂದ ಕೃತಕ ಮಾಹಿತಿಯನ್ನು ತಯಾರಿಸಿ, ತಮ್ಮ ಲೆಕ್ಕದ ವಿಧಾನಗಳು ಬಿಲ್ಲೆಯನ್ನು ಬಿಲ್ಲೆಯಾಗಿ, ಚುಕ್ಕೆಗಳನ್ನು ಚುಕ್ಕೆಗಳಾಗಿ ತೋರಿಸುವವೋ ಅಥವಾ ಎಲ್ಲವನ್ನೂ ಬಳೆಯಾಗಿಸುವವೋ ಎಂದು ಪರೀಕ್ಷಿಸಿದರು. ಆಮೇಲೆಯೇ ಚಿತ್ರ ಸಿದ್ಧವಾದದ್ದು. ಬ್ರಸೆಲ್ಸ್, ಸ್ಯಾಂಟಿಯಾಗೋ, ಶಾಂಘೈ, ತೈಪೆ, ಟೋಕಿಯೋ ಮತ್ತು ವಾಷಿಂಗ್ಟನ್ ನಗರಗಳಲ್ಲಿ ಏಕಕಾಲಕ್ಕೆ ಅದನ್ನು ಪ್ರಕಟಿಸಲಾಯಿತು.

ಹೇಳದೆ ಉಳಿದ ಒಂದು ಅಳತೆ

ಇದಕ್ಕೆ ವಿರುದ್ಧವಾದ ಉದಾಹರಣೆಯೂ ವಿಜ್ಞಾನದ ಚರಿತ್ರೆಯಲ್ಲಿದೆ. ಅಮೆರಿಕದ ನಾಸಾ ಸಂಸ್ಥೆಯು 1998ರ ಡಿಸೆಂಬರ್ 11ರಂದು ಮಂಗಳಗ್ರಹಕ್ಕೆ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ನೌಕೆಯನ್ನು ಕಳುಹಿಸಿತು. ನೌಕೆಯನ್ನು ನಿರ್ಮಿಸಿದವರು ಒಂದು ರಾಜ್ಯದಲ್ಲಿ, ಅದರ ದಾರಿಯನ್ನು ಲೆಕ್ಕಹಾಕುವವರು ಇನ್ನೊಂದು ರಾಜ್ಯದಲ್ಲಿ. ಮೊದಲನೆಯವರ ಲೆಕ್ಕದ ಕಂಪ್ಯೂಟರ್ ಕ್ರಮವು ನೌಕೆಯ ಪುಟ್ಟ ಎಂಜಿನ್ನುಗಳ ತಳ್ಳುವಿಕೆಯನ್ನು ಪೌಂಡಿನ ಅಳತೆಯಲ್ಲಿ ಕೊಡುತ್ತಿತ್ತು. ಎರಡನೆಯವರು ಅದನ್ನು ಮೆಟ್ರಿಕ್ ಪದ್ಧತಿಯ ನ್ಯೂಟನ್ ಅಳತೆಯೆಂದು ತಿಳಿದು ಉಪಯೋಗಿಸುತ್ತಿದ್ದರು. ಒಂದಕ್ಕೂ ಇನ್ನೊಂದಕ್ಕೂ ಸುಮಾರು ನಾಲ್ಕೂವರೆ ಪಟ್ಟು ವ್ಯತ್ಯಾಸ. ಒಂಬತ್ತು ತಿಂಗಳ ಪ್ರಯಾಣದಲ್ಲಿ ಈ ವ್ಯತ್ಯಾಸ ಸ್ವಲ್ಪಸ್ವಲ್ಪವೇ ಬೆಳೆಯಿತು. 1999ರ ಸೆಪ್ಟೆಂಬರ್ 23ರಂದು, ಮಂಗಳದಿಂದ 200 ಕಿಲೋಮೀಟರಿಗಿಂತ ಹೆಚ್ಚು ಎತ್ತರದಲ್ಲಿ ಹಾದುಹೋಗಬೇಕಿದ್ದ ನೌಕೆ 57 ಕಿಲೋಮೀಟರಿಗೆ ಇಳಿದು ನಾಶವಾಯಿತು.

ಇದರಲ್ಲಿ ಮನಸ್ಸಿಗೆ ನಾಟುವ ಅಂಶವೊಂದಿದೆ. ದಾರಿಯ ಲೆಕ್ಕದಲ್ಲಿ ಏನೋ ಹೊಂದುತ್ತಿಲ್ಲವೆಂಬ ಸಂದೇಹ ಕೆಲವರಿಗೆ ಮೊದಲೇ ಬಂದಿತ್ತು. ಆ ಸಂದೇಹ ಬಾಯಿಮಾತಿನಲ್ಲಿ ಸುಳಿದಾಡಿತೇ ಹೊರತು, ಬರಹಕ್ಕಿಳಿದು, ಉತ್ತರಿಸಬೇಕಾದವರ ಮೇಜನ್ನು ಸೇರಿ, ಉತ್ತರ ಪಡೆಯುವವರೆಗೆ ಹೋಗಲಿಲ್ಲ. ಎಲ್ಲರೂ ಜಾಣರೇ, ಎಲ್ಲರೂ ಶ್ರಮಪಟ್ಟವರೇ. "ನಿಮ್ಮ ಅಳತೆ ಯಾವುದು?" ಎಂಬ ಒಂದು ಪ್ರಶ್ನೆ ಮಾತ್ರ ಕೇಳದೆ ಉಳಿಯಿತು.

ಕೀರ್ತಿಯ ಹಂಚಿಕೆ

ಕೂಡಿ ದುಡಿದ ಮೇಲೆ ಬರುವ ಕೀರ್ತಿಯೂ ಒಂದು ಪರೀಕ್ಷೆ. ಕೃಷ್ಣರಂಧ್ರದ ಚಿತ್ರ ಪ್ರಕಟವಾದ ದಿನ ಆ ತಂಡದ ತರುಣ ವಿಜ್ಞಾನಿ ಕೇಟೀ ಬೌಮನ್ ಅವರ ಭಾವಚಿತ್ರ ಜಗತ್ತೆಲ್ಲ ಹರಡಿತು. ಅವರೊಬ್ಬರೇ ಇದನ್ನು ಸಾಧಿಸಿದರೆಂಬಂತೆ ಹೊಗಳಿಕೆ ಸುರಿಯಿತು. ಇದು ಯಾವುದೇ ಒಬ್ಬ ವ್ಯಕ್ತಿಯ ಅಥವಾ ಒಂದು ಲೆಕ್ಕವಿಧಾನದ ಫಲವಲ್ಲ, ಇಡೀ ತಂಡದ ಫಲವೆಂದು ಅವರೇ ಬಹಿರಂಗವಾಗಿ ತಿಳಿಸಿದರು. 2020ನೆಯ ಸಾಲಿನ ಬ್ರೇಕ್‌ಥ್ರೂ ಪ್ರಶಸ್ತಿಯ 30 ಲಕ್ಷ ಡಾಲರ್ ಮೊತ್ತವನ್ನು 347 ಮಂದಿಗೆ ಸಮನಾಗಿ ಹಂಚಲಾಯಿತು. ಶಿಖರದಲ್ಲಿ ಕೊರೆಯುವ ಚಳಿಯಲ್ಲಿ ದುಡಿದವರಿಗೂ ಕಂಪ್ಯೂಟರಿನ ಮುಂದೆ ಕುಳಿತವರಿಗೂ ಒಂದೇ ಪಾಲು. 2020ರಲ್ಲಿ ಕೋವಿಡ್ ಕಾರಣದಿಂದ ವೀಕ್ಷಣೆಯೇ ರದ್ದಾಯಿತಾದರೂ ತಂಡ ಒಡೆಯಲಿಲ್ಲ. 2022ರ ಮೇ 12ರಂದು ಅವರು ನಮ್ಮ ಆಕಾಶಗಂಗೆಯ ನಡುವಿನ ಕೃಷ್ಣರಂಧ್ರದ ಚಿತ್ರವನ್ನೂ ಪ್ರಕಟಿಸಿದರು. ಧ್ರುವದಿಂದ ತಡವಾಗಿ ಬಂದ ಆ ಡಿಸ್ಕುಗಳ ಶ್ರಮ ಫಲಿಸಿದ್ದು ಮುಖ್ಯವಾಗಿ ಈ ಎರಡನೆಯ ಚಿತ್ರದಲ್ಲಿ. ಏಕೆಂದರೆ ಎಂ87 ಧ್ರುವದಿಂದ ಕಾಣುವುದೇ ಇಲ್ಲ.

ನಮ್ಮ ಮನೆಗಳ ಮಾತು

ಈಗ ಕೊಠಡಿಯೊಳಗೆ ಕುಳಿತ ನಮ್ಮ ಮಕ್ಕಳ ಕಡೆಗೆ ಬರೋಣ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಗಿನ 9 ಗಂಟೆಯಾದಾಗ ನಮ್ಮಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ರಾತ್ರಿ 9.30, ಚಳಿಗಾಲದಲ್ಲಿ 10.30. ಅಲ್ಲಿಯವರು ಮಾರ್ಚ್ ತಿಂಗಳಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ, ನವೆಂಬರಿನಲ್ಲಿ ಹಿಂದಕ್ಕೆ ತಿರುಗಿಸುತ್ತಾರೆ. ಯುರೋಪಿನವರು ಬೇರೆ ದಿನಗಳಲ್ಲಿ ಹಾಗೆ ಮಾಡುತ್ತಾರೆ. ನಾವು ತಿರುಗಿಸುವುದೇ ಇಲ್ಲ. ಆದ್ದರಿಂದ ಮಗಳ ಸಭೆಯ ವೇಳೆ ಒಮ್ಮಿಂದೊಮ್ಮೆ ಬದಲಾದರೆ ಅದು ಅವಳ ಮನಸ್ಸಿನ ಚಂಚಲತೆಯೆಂದು ತಿಳಿಯಬಾರದು. ಹಾಗೆಯೇ ರಾತ್ರಿಯ ಅನನುಕೂಲವನ್ನು ಸದಾ ಒಂದೇ ದೇಶದವರು ಹೊರುವುದೂ ನ್ಯಾಯವಲ್ಲ. ಒಂದು ತಿಂಗಳು ಇವರು ರಾತ್ರಿ ಕುಳಿತರೆ ಮರುತಿಂಗಳು ಅವರು ಬೇಗ ಏಳಲಿ ಎಂದು ಕೇಳುವ ಧೈರ್ಯ ನಮ್ಮ ಮಕ್ಕಳಿಗಿರಬೇಕು. ಬರಹದಲ್ಲಿ ಮುಗಿಯುವ ವಿಷಯಕ್ಕೆ ಸಭೆ ಬೇಡವೆನ್ನುವ ವಿವೇಕವೂ ಇರಬೇಕು.

ಇಷ್ಟೇ ಅಲ್ಲ, ಇಂದು ನಮ್ಮ ಕುಟುಂಬಗಳೇ ದೂರದವರ ತಂಡಗಳಾಗಿವೆ. ಪರಿಚಿತರ ಮನೆಯೊಂದರ ಸಂಗತಿ. ವೃದ್ಧ ತಾಯಿ ಊರಿನಲ್ಲಿ. ಹಿರಿಯ ಮಗ ವಿದೇಶದಲ್ಲಿ, ಕಿರಿಯವನು ಬೆಂಗಳೂರಿನಲ್ಲಿ, ಮಗಳು ಪುಣೆಯಲ್ಲಿ. ಮೂವರೂ ದಿನಾಲು ತಾಯಿಯೊಡನೆ ಫೋನಿನಲ್ಲಿ ಮಾತನಾಡುವವರು, ಪ್ರೀತಿಗೆ ಕೊರತೆಯಿಲ್ಲ. ರಕ್ತದೊತ್ತಡದ ಗುಳಿಗೆ ಮುಗಿದುದನ್ನು ಆ ತಾಯಿ ಮೂವರಿಗೂ ಹೇಳಿದ್ದರು. ತಮ್ಮ ತರಿಸಿರುತ್ತಾನೆಂದು ಅಣ್ಣ, ಅಕ್ಕ ಹೇಳಿರುತ್ತಾಳೆಂದು ತಮ್ಮ, ಅಣ್ಣ ಹಣ ಕಳುಹಿಸಿ ವ್ಯವಸ್ಥೆ ಮಾಡಿರುತ್ತಾನೆಂದು ಮಗಳು ತಿಳಿದರು. ಹನ್ನೊಂದು ದಿನ ಆ ತಾಯಿ ಗುಳಿಗೆಯಿಲ್ಲದೆ ಕಳೆದರು. ತಲೆಸುತ್ತಿ ಬಿದ್ದಾಗ ಎತ್ತಿದವರು ನೆರೆಮನೆಯವರು. ದೈವಕೃಪೆಯಿಂದ ಜೀವಕ್ಕೆ ಅಪಾಯವಾಗಲಿಲ್ಲ.

ಮಂಗಳದ ದಾರಿಯಲ್ಲಿ ನೌಕೆಯನ್ನು ಕೆಡಿಸಿದ ದೋಷವೇ ಈ ಮನೆಯಲ್ಲಿಯೂ ಇತ್ತು. ಇನ್ನೊಬ್ಬರು ಏನು ಮಾಡುತ್ತಿದ್ದಾರೆಂಬುದನ್ನು ಕೇಳಿ ತಿಳಿಯದೆ ಊಹಿಸಿಕೊಂಡದ್ದೇ ಆ ದೋಷ. ಆ ಮಕ್ಕಳು ಈಗ ಕೆಲಸ ಹಂಚಿಕೊಂಡಿದ್ದಾರೆ. ಗುಳಿಗೆ ತರಿಸುವುದು ಮಗಳ ಪಾಲು. ವೈದ್ಯರೊಡನೆ ಮಾತು ಕಿರಿಯವನದು. ಖರ್ಚಿನ ಲೆಕ್ಕ ಹಿರಿಯವನದು. ಮಗಳಿಗೆ ಅನಾರೋಗ್ಯವಾದರೆ ಅವಳ ಪಾಲು ಯಾರಿಗೆಂಬುದನ್ನೂ ಬರೆದಿಟ್ಟಿದ್ದಾರೆ. ಭಾನುವಾರ ಸಂಜೆ ಭಾರತೀಯ ಕಾಲ 6 ಗಂಟೆಗೆ ನಾಲ್ವರೂ ಒಟ್ಟಿಗೆ ಮಾತನಾಡುತ್ತಾರೆ. ಮುಗಿದ ಕೆಲಸವನ್ನು "ಆಯಿತು" ಎಂದು ಬರೆದು ತಿಳಿಸದ ಹೊರತು ಅದು ಆಗಿಲ್ಲವೆಂದೇ ಲೆಕ್ಕ. ತಾಯಿಯ ಅಡುಗೆಮನೆಯ ಗೋಡೆಗೆ ಆ ಪಟ್ಟಿಯನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಅಂಟಿಸಿದ್ದಾರೆ.

ಪ್ರತಿಯೊಂದು ಕುಟುಂಬವೂ ಇಂಥದೊಂದು ಪಟ್ಟಿಯನ್ನು ಮಾಡಿಕೊಳ್ಳುವುದು ಒಳಿತು. ಯಾವ ಕೆಲಸ ಯಾರದು, ಯಾವಾಗ, ಆದುದನ್ನು ಯಾರಿಗೆ ತಿಳಿಸಬೇಕು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಲು ಒಂದು ಹಾಳೆ ಸಾಕು. ರಾತ್ರಿ ಬಾಗಿಲು ಮುಂದೆ ಮಾಡಿಕೊಳ್ಳುವ ಮಗಳನ್ನೂ ಒಂದು ಬಿಡುವಿನ ದಿನ ಹತ್ತಿರ ಕೂರಿಸಿಕೊಂಡು, ಅವಳ ತಂಡದಲ್ಲಿ ಯಾರಿದ್ದಾರೆ, ಅವರ ಊರಿನಲ್ಲಿ ಈಗ ಎಷ್ಟು ಗಂಟೆ, ಇವಳ ಪಾಲಿನ ಕೆಲಸವೇನು ಎಂದು ಕೇಳಬೇಕು. ಅವಳು ಸಂತೋಷದಿಂದಲೇ ಹೇಳುವಳು. ಆಮೇಲೆ ಊಟದ ವೇಳೆಯನ್ನು ಅವಳ ಸಭೆಗಿಂತ ಅರ್ಧ ಗಂಟೆ ಮುಂಚೆ ಇಟ್ಟುಕೊಂಡರೆ, ರೊಟ್ಟಿ ಆರುವ ಮೊದಲೇ ಮನೆಮಂದಿಯೆಲ್ಲ ಕೂಡಿ ಉಣ್ಣಬಹುದು.